ವಡಾಪ ಗಾಡಿಯ ಗಂಟಲು

ಅಕ್ಕಲಕೋಟ ನಾಕಾ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಗ್ಯಾರೇಜುಗಳು. ಗ್ಯಾರೇಜು ಎನ್ನುವುದು ದೊಡ್ಡ ಮಾತಾಯಿತು. ನಾಲ್ಕು ತಗಡು, ಒಂದು ಬೇವಿನ ಮರ, ಮರದ ಬುಡಕ್ಕೆ ಒರಗಿಸಿದ ಸವೆದ ಟೈರುಗಳು, ಆಯಿಲ್ ಕುಡಿದು ಕುಡಿದು ಗಟ್ಟಿಗಟ್ಟಿದ ನೆಲ. ಬೋರ್ಡುಗಳೆಲ್ಲ ಮರಾಠಿಯಲ್ಲಿ. ಬೋರ್ಡಿನ ಕೆಳಗಿನ ಮಾತು ಮಾತ್ರ ಗಿರಾಕಿ ನೋಡಿ ಬದಲಾಗುತ್ತದೆ. ರೇಡಿಯೇಟರಿನವನು ತೆಲುಗಿನಲ್ಲಿ ಬೈದರೆ ಬ್ಯಾಟರಿಯವನು ಕನ್ನಡದಲ್ಲಿ ತೀರಿಸುತ್ತಾನೆ. ಚಹಾದ ಹುಡುಗ ಇಬ್ಬರಿಗೂ ದಖ್ಖನಿಯಲ್ಲಿ ಉಧಾರಿ ನೆನಪಿಸುತ್ತಾನೆ. ಎಂಎಚ್ 13ರ ಗಾಡಿಗಳ ನಡುವೆ ಕೆಎ 28, ಕೆಎ 32 ನಂಬರಿನವೂ ನಿಂತಿವೆ. ವಿಜಯಪುರ, ಕಲಬುರಗಿ ಕಡೆಯವರು ಸೊಲ್ಲಾಪುರಕ್ಕೆ ಪರಸ್ಥಳದ ಗಿರಾಕಿಗಳಲ್ಲ.

ಹಿಂಗಾರಿ ಜೋಳ ಬಿತ್ತುವ ದಿನಗಳು. ಈ ಸೀಮೆಗೆ ಮಳೆ ಮನಸ್ಸು ಮಾಡುವುದೇ ಸೆಪ್ಟೆಂಬರಿನಲ್ಲಿ. ರಾತ್ರಿ ಸುರಿದದ್ದು ಗುಂಡಿಗಳಲ್ಲಿ ಇನ್ನೂ ನಿಂತಿದೆ. ಬುಧವಾರ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಒಂದು ಹಳೆಯ ಪೆಟ್ರೋಲ್ ವ್ಯಾನು ತಡವರಿಸುತ್ತ ಬಂದು ಬೇವಿನ ನೆರಳಿಗೆ ನಿಲ್ಲುತ್ತದೆ. ಸೀಟಿನ ಲೆಕ್ಕದಲ್ಲಿ ಜನ ತುಂಬಿಕೊಂಡು ಓಡುವ ಇಂಥ ಖಾಸಗಿ ಗಾಡಿಗೆ ಇಲ್ಲಿ ವಡಾಪ ಎನ್ನುತ್ತಾರೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ನಲವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿನ ಸ್ವಾಮಿ ಸಮರ್ಥರ ಭಕ್ತರಿಗೆ ಗುರುವಾರ ದೊಡ್ಡ ದಿನ. ಅಂದರೆ ನಾಳೆ ಬೆಳಗ್ಗೆ ಈ ಗಾಡಿ ಸ್ಟ್ಯಾಂಡಿನಲ್ಲಿ ಇರಲೇಬೇಕು.

“ಮಾಮಾ, ಗ್ಯಾಸ್ ಮ್ಯಾಲ ಚಲೋ ಓಡ್ತದ. ಪೆಟ್ರೋಲಿಗಿ ತಂದ್ರ ಸಾಕು, ಝಟ್ಕಾ ಹೊಡೀಲತ್ತದ.”

ಮಿಸ್ತ್ರಿ ತಲೆ ಎತ್ತುವುದಿಲ್ಲ. ಯಾರದೋ ಸ್ಕೂಟರಿನ ಪ್ಲಗ್ ಉಜ್ಜುತ್ತಿದ್ದಾರೆ. ಅರವತ್ತು ದಾಟಿರಬೇಕು. ಅಕ್ಕಲಕೋಟ ತಾಲೂಕಿನ ಹಳ್ಳಿಯವರು. ದಿನಾ ಬಂದು ದಿನಾ ಹೋಗುತ್ತಾರೆ.

“ಟಾಕಿ ಬಿಚ್ಚಿದ್ದೇನು?”

“ಬಿಚ್ಚೀನ್ರಿ. ಶ್ರಾವಣದಾಗ ಟಾಕಿ ತೊಳ್ಸೀನಿ, ಫಿಲ್ಟರ್ ಹೊಸಾದು ಹಾಕ್ಸೀನಿ. ಮತ್ತ ಅದೇ ಹಾಡು.”

“ಟಾಕಿ ತೊಳ್ಸಿದಿ. ನಳಿ?”

ಡ್ರೈವರನಿಗೆ ಯಾವ ನಳಿ ಎಂಬುದೇ ತಿಳಿಯಲಿಲ್ಲ. ಮಿಸ್ತ್ರಿ ಎದ್ದು ಗಾಡಿಯ ಬದಿಯ ಸಣ್ಣ ಬಾಗಿಲು ತೆಗೆದು ಪೆಟ್ರೋಲಿನ ಮುಚ್ಚಳ ತಿರುವಿದರು. ಮುಚ್ಚಳದ ಒಳಗಿನ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಬೆರಳು ಒಳಗೆ ಹಾಕಿ ಒಂದು ಸುತ್ತು ತಿರುವಿ ಹೊರಗೆ ತೆಗೆದು ಬಿಸಿಲಿಗೆ ಹಿಡಿದರು. ಬೆರಳ ತುದಿ ಅರಿಸಿನ ಬೆರೆತ ಕೆಂಪು.

“ಗಂಟ್ಲಾಗ ಕಫ ಇಟ್ಕೊಂಡು ಹೊಟ್ಟಿ ತೊಳ್ಕೊಂಡ್ರ ಕೆಮ್ಮ ಹೋಗ್ತದೇನೋ ತಮ್ಮಾ?”

ಆ ಕ್ಷಣದಿಂದ ಅಲ್ಲಿ ಎಲ್ಲರಿಗೂ ಅದು ಗಂಟಲೇ ಆಯಿತು. ಮುಚ್ಚಳದಿಂದ ಟಾಕಿಯವರೆಗೆ ಇಳಿಯುವ ಉಕ್ಕಿನ ಕೊಳವೆ ಅದು. ಹಿಂದಿನ ಗಾಲಿಯ ಬೆನ್ನಿಗೆ ಅಂಟಿಕೊಂಡು ಎರಡು ಕಡೆ ಬಾಗಿ, ಕೊನೆಗೆ ದಪ್ಪ ರಬ್ಬರ್ ಪೈಪು ಮತ್ತು ಎರಡು ಕ್ಲಾಂಪುಗಳ ಮೂಲಕ ಟಾಕಿಗೆ ಸೇರುತ್ತದೆ. ಪಕ್ಕದಲ್ಲೇ ಬೆರಳು ಗಾತ್ರದ ಇನ್ನೊಂದು ನಳಿ: ಪೆಟ್ರೋಲು ಇಳಿಯುವಾಗ ಟಾಕಿಯ ಗಾಳಿ ಮೇಲೆ ಬರುವ ದಾರಿ. ಗಾಡಿ ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ. ಗಾಡಿ ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಬಾಗಿಲು ಬಡಿದು ನೋಡುತ್ತಾರೆ, ಸೀಟಿನ ಬಟ್ಟೆ ಸವರುತ್ತಾರೆ. ಮುಂಬಯಿ, ಕೊಂಕಣದ ಉಪ್ಪುಗಾಳಿ ಕುಡಿದ ಹಳೆಯ ಗಾಡಿಯನ್ನು ಕೊಳ್ಳುವಾಗಲೂ ಈ ಕೊಳವೆಯ ಮೇಲೆ ಬೆರಳಾಡಿಸಿ ನೋಡಿದವರನ್ನು ನಾನು ಕಂಡಿಲ್ಲ.

ಗಾಲಿ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತಾಗ ಮಣ್ಣು ಬಿತ್ತು. ಬಿತ್ತು ಎಂದರೆ ಉದುರಲಿಲ್ಲ. ಹೆಂಟೆಯಾಗಿ, ಕೊಳವೆಯ ಅಚ್ಚು ಒಳಮೈಯಲ್ಲಿ ಉಳಿಸಿಕೊಂಡೇ ಕಳಚಿ ಬಿತ್ತು. ಎರೆಮಣ್ಣು. ಭೀಮಾ ಸೀಮೆಯ ಈ ಮಣ್ಣು ಜೋಳಕ್ಕೆ ತಾಯಿ. ಮಾಲದಂಡಿ ಜೋಳವನ್ನು ಮಳೆ ನಿಂತ ಮೇಲೂ ತನ್ನ ಹಸಿಯ ಮೇಲೆಯೇ ತೆನೆಗೆ ತರುತ್ತದೆ. ನೀರನ್ನು ವಾರಗಟ್ಟಲೆ ಬಿಟ್ಟುಕೊಡದ ಅದೇ ಗುಣ ಗಾಲಿಯ ಸಂದಿಯಲ್ಲಿ ಕುಳಿತಾಗ ಕಬ್ಬಿಣದ ಪ್ರಾಣ ತಿನ್ನುತ್ತದೆ. ಮೇಲೆ ಒಣಗಿ ಬೂದಿಬಣ್ಣಕ್ಕೆ ತಿರುಗಿದ ಹೆಂಟೆಯನ್ನು ಮುರಿದರೆ ನಡುವೆ ಇನ್ನೂ ತಂಪು. ಸೊಲ್ಲಾಪುರದಂಥ ಒಣ ಊರಿನಲ್ಲಿ, ಬೇಸಿಗೆಗೆ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ತುಕ್ಕು ಎಲ್ಲಿಂದ ಬಂತು ಎಂದು ಕೇಳುವವರಿಗೆ ಆ ಹೆಂಟೆ ತೋರಿಸಿದರೆ ಸಾಕು.

ಇದು ಹೊರಗಿನ ಕಥೆ. ಮಿಸ್ತ್ರಿಗೆ ಬೇಕಾಗಿದ್ದು ಒಳಗಿನದು. ಬಾಯಿಯ ಸುತ್ತಲಿನ ಸ್ಕ್ರೂ ತೆಗೆದು, ನಡುವಿನ ಪಟ್ಟಿಯ ಬೋಲ್ಟಿಗೆ ಡೀಸೆಲ್ ಬಿಟ್ಟು, ಅದು ನೆನೆಯುವಷ್ಟರಲ್ಲಿ ಒಂದು ಚಹಾ ಕುಡಿದು, ಕೊಳವೆಯನ್ನು ಇಡಿಯಾಗಿ ಹೊರಗೆ ಎಳೆದರು. ಬಿಳಿ ಕಾಗದದ ಮೇಲೆ ಬಾಗಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿದರು. ಕೆಂಪು ಪುಡಿ ಬಂತು, ಹಿಂದೆಯೇ ಕಪ್ಪು ಚಕ್ಕೆಗಳು. ಒಡೆದ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಕಾಗದದ ಅಡಿಯಲ್ಲಿ ಆಡಿಸಿದಾಗ ಕಪ್ಪು ಚಕ್ಕೆಗಳು ಹಿಂದೆ ಹಿಂದೆ ಓಡಿದವು, ಕೆಂಪು ಪುಡಿ ಇದ್ದಲ್ಲೇ ಇತ್ತು. ಕೆಂಪನ್ನು ಮಣ್ಣೆಂದು ಡ್ರೈವರ ವಾದಿಸಬಹುದು. ಅಯಸ್ಕಾಂತಕ್ಕೆ ಓಡುವ ಚಕ್ಕೆಯನ್ನು ಮಣ್ಣೆನ್ನಲು ಬಾಯಿ ಬರಲಿಲ್ಲ.

ಕೊಳವೆಯ ಬಾಯಿಂದ ಒಳಗೆ ನೋಡಿದರೆ ತುಕ್ಕಿಗೂ ಒಂದು ಕ್ರಮ ಕಾಣುತ್ತದೆ. ಬಾಯಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಎಳೆಯ ತುಕ್ಕು. ಪಂಪಿನ ಮೂತಿ ವರ್ಷಗಟ್ಟಲೆ ತಾಗಿ ಕೆರೆದು, ಉಕ್ಕಿನ ಮೇಲಿನ ರಕ್ಷಣೆಯ ಲೇಪ ಹೋಗಿದ್ದು ಅಲ್ಲಿಯೇ. ಅದರ ಕೆಳಗೆ ಕಿರಿದಾದ ಬಳೆ, ಬಳೆಗೆ ಸ್ಪ್ರಿಂಗಿನ ಬಾಗಿಲು. ಸೀಸವಿಲ್ಲದ ಪೆಟ್ರೋಲಿನ ಸಪೂರ ಮೂತಿ ಮಾತ್ರ ಹೋಗಲಿ ಎಂದು ಮಾಡಿದ ಏರ್ಪಾಡು ಇದು. ನಮ್ಮಲ್ಲಿ ಸೀಸದ ಪೆಟ್ರೋಲು 2000ದ ಫೆಬ್ರವರಿ 1ಕ್ಕೇ ನಿಂತಿತು. ಬಳೆ ಉಳಿದುಕೊಂಡು ಈಗ ಧೂಳು, ನೀರಿನ ಹನಿ ಕಾಯುತ್ತ ಕೂತಿದೆ. ಇನ್ನೂ ಕೆಳಗೆ, ಬಾಗಿದ ಕಡೆ, ಕಪ್ಪು ಪದರ ಎದ್ದು ಗುಳ್ಳೆಗಟ್ಟಿದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಮಲಗಿದಲ್ಲಿ ಮಲಗುವುದಿಲ್ಲ. ಎದ್ದು, ಸಿಡಿದು, ಚಕ್ಕೆಯಾಗಿ ಪೆಟ್ರೋಲಿನ ಜೊತೆ ಕೆಳಗೆ ಹೋಗುತ್ತದೆ. ಶ್ರಾವಣದಲ್ಲಿ ತೊಳೆದ ಟಾಕಿಗೆ ಭಾದ್ರಪದದ ಹೊತ್ತಿಗೆ ಮತ್ತೆ ಕಿಟ್ಟ ಬಂದದ್ದು ಹೀಗೆ. ಒಂದೊಂದು ಸಲ ಪೆಟ್ರೋಲು ಹಾಕಿಸಿದಾಗಲೂ ಒಂದಷ್ಟು.

ಒಳಗೆ ನೀರು ಎಲ್ಲಿಂದ? ಮಿಸ್ತ್ರಿ ಮುಚ್ಚಳದ ಬಟ್ಟಲು ತೋರಿಸಿದರು. ಅಲ್ಲಿ ಬಿದ್ದ ಮಳೆನೀರು ಹರಿದುಹೋಗಲೆಂದು ಸಣ್ಣ ತೂತು ಇರುತ್ತದೆ. ಅದು ಮಣ್ಣಿನಿಂದ ಕಟ್ಟಿಕೊಂಡರೆ ಬಟ್ಟಲು ತುಂಬುತ್ತದೆ. ಬಿರುಕು ಬಿಟ್ಟ ರಬ್ಬರಿನ ಸಂದಿಯಿಂದ ನೀರು ಇಳಿಯುತ್ತದೆ. ಆದರೆ ದೊಡ್ಡ ದಾರಿ ಬೇರೆ. ಈ ಗಾಡಿಗೆ ಗ್ಯಾಸಿನ ಕಿಟ್ ಕೂರಿಸಿದೆ. ಪೆಟ್ರೋಲು ಬೇಕಾಗುವುದು ಬೆಳಗ್ಗೆ ಎಂಜಿನ್ ಎಬ್ಬಿಸಲು, ಗ್ಯಾಸು ದಾರಿಯಲ್ಲಿ ಮುಗಿದಾಗ ಪಂಪು ಮುಟ್ಟಲು. ಹೀಗಾಗಿ ಟಾಕಿಯಲ್ಲಿ ಯಾವಾಗಲೂ ತಳದಲ್ಲಿ ನಾಲ್ಕು ಬೆರಳು ಪೆಟ್ರೋಲು, ಮೇಲೆಲ್ಲ ಗಾಳಿ. ಹಗಲು ಕಾದು ಆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣಿದು ಹೊರಗಿನ ಹಸಿಗಾಳಿಯನ್ನು ಒಳಗೆ ಎಳೆಯುತ್ತದೆ. ಬೆಳಗಿನ ಜಾವ ತಣ್ಣಗಾದ ಉಕ್ಕಿನ ಮೇಲೆ ಬೆವರು ಮೂಡುತ್ತದೆ. ಪೆಟ್ರೋಲು ಮುಟ್ಟಿದ ಜಾಗಕ್ಕೆ ಅಷ್ಟು ಭಯವಿಲ್ಲ. ಎಂದೂ ತುಂಬದ ಮೇಲಿನ ಭಾಗಕ್ಕೆ, ಎಲ್ಲಕ್ಕೂ ಮೇಲಿರುವ ಗಂಟಲಿಗೆ ಭಯ. ನಿತ್ಯ ಇನ್ನೂರು ರೂಪಾಯಿಯ ಪೆಟ್ರೋಲು ಹಾಕಿಸುವವನ ಗಾಡಿಗೂ, ಟಾಕಿ ತುಂಬಿಸಿ ಓಡಾಡುವವನ ಗಾಡಿಗೂ ತುಕ್ಕು ಒಂದೇ ಥರ ಹತ್ತುವುದಿಲ್ಲ.

“ಎಲ್ಲಾ ಈ ಇಥೆನಾಲಿಂದೇ ರೀ ಮಾಮಾ,” ಎಂದ ಡ್ರೈವರ. ಪಕ್ಕದ ಬ್ಯಾಟರಿಯವನೂ ಹೂಂಗುಟ್ಟಿದ. ಈಗ ಎಲ್ಲ ಗ್ಯಾರೇಜುಗಳಲ್ಲೂ ಎಲ್ಲ ರೋಗಕ್ಕೂ ಇದೇ ಕಾರಣ. ಅರ್ಧ ನಿಜ. ದೇಶದ ಪೆಟ್ರೋಲಿನಲ್ಲಿ ಇಥೆನಾಲ್ ಪಾಲು 2022ರ ಜೂನ್‌ಗೆ ಶೇ. 10 ಆಯಿತು, 2023ರ ಫೆಬ್ರವರಿಯಲ್ಲಿ ಶೇ. 20ರ ಪೆಟ್ರೋಲು ಮಾರಾಟ ಶುರುವಾಯಿತು. 2025ರ ಹೊತ್ತಿಗೆ ಅದೇ ರೂಢಿಯಾಯಿತು. ಬರಿಯ ಪೆಟ್ರೋಲು ನೀರನ್ನು ಹತ್ತಿರ ಸೇರಿಸುವುದಿಲ್ಲ, ಇಥೆನಾಲು ಕರೆದು ಕೂಡಿಸಿಕೊಳ್ಳುತ್ತದೆ. ಕೂಡಿಸಿಕೊಳ್ಳುವ ಮಿತಿ ದಾಟಿದರೆ ನೀರೂ ಇಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಆ ತಳದ ನೀರು ಉಕ್ಕಿಗೆ ಬರಿಯ ನೀರಿಗಿಂತ ಕೆಟ್ಟದ್ದು. ಹಳೆಯ ರಬ್ಬರು ಉಬ್ಬುವುದೂ ಉಂಟು. ಆದರೆ ಈ ಕೊಳವೆಯ ಕಪ್ಪು ಪದರಕ್ಕೆ ಹತ್ತು ವರ್ಷ ವಯಸ್ಸಾದರೂ ಆಗಿರಬೇಕು. ಅದರ ಪಾಪವನ್ನು ಇಥೆನಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸೊಲ್ಲಾಪುರದವರು ಇಥೆನಾಲನ್ನು ಬೈಯುವುದರಲ್ಲಿ ಇನ್ನೊಂದು ತಮಾಷೆ ಇದೆ. ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳು ದಟ್ಟವಾಗಿರುವ ಜಿಲ್ಲೆಗಳಲ್ಲಿ ಇದೂ ಒಂದು. ಬರದ ನಾಡಿಗೆ 1980ರಲ್ಲಿ ಭೀಮೆಗೆ ಕಟ್ಟಿ ಮುಗಿಸಿದ ಉಜನಿ ಅಣೆಕಟ್ಟಿನ ನೀರು ಕಬ್ಬಾಯಿತು, ಕಬ್ಬು ಕಾಕಂಬಿಯಾಯಿತು, ಕಾಕಂಬಿ ಇಥೆನಾಲಾಗಿ ಪೆಟ್ರೋಲಿನೊಳಗೆ ಬಂದು ಕೂತಿತು. ಈಗ ಮೆಕ್ಕೆಜೋಳ, ಅಕ್ಕಿಯಿಂದಲೂ ಮಾಡುತ್ತಾರೆ, ಅದು ಬೇರೆ.  ಕೆರೆ ಕಟ್ಟಿಸಿದ ಸಿದ್ಧರಾಮನ ಸೊನ್ನಲಿಗೆಯಲ್ಲಿ, ಅಂದರೆ ಇದೇ ಸೊಲ್ಲಾಪುರದಲ್ಲಿ, ಇಂದು ಮನೆಯ ನಲ್ಲಿಗೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಮನೆಯ ಟಾಕಿ ಒಣಗಿದೆ, ಗಾಡಿಯ ಟಾಕಿಯಲ್ಲಿ ನೀರಿದೆ.

ಇನ್ನು ಮದ್ದು. ಹೊಸ ಕೊಳವೆ ಈ ಹಳೆಯ ಗಾಡಿಗೆ ಸಿಗುವುದಿಲ್ಲ. ಗುಜರಿಯಲ್ಲಿ ಸಿಕ್ಕರೆ ಅದರ ಗಂಟಲು ಇನ್ನೆಂಥದೋ. “ಆಸಿಡ್ ಹೊಯ್ದ್ರ ಹತ್ತ ಮಿನಿಟದಾಗ ಫಳಫಳ ಆಗ್ತದಲ್ರಿ,” ಎಂದು ಕೆಲಸದ ಹುಡುಗ ಪಾಯಖಾನೆ ತೊಳೆಯುವ ಬಾಟಲಿಯತ್ತ ನೋಡಿದ. ಆ ಹೈಡ್ರೋಕ್ಲೋರಿಕ್ ಆಮ್ಲ ತುಕ್ಕನ್ನು ತಿಂದು ನಿಲ್ಲುವುದಿಲ್ಲ, ಉಕ್ಕನ್ನೂ ತಿನ್ನುತ್ತದೆ. ಸಂದಿಯಲ್ಲಿ ಉಳಿದ ಅದರ ಉಪ್ಪು ಸಂಜೆಯೊಳಗೆ ಹೊಸ ತುಕ್ಕು ಹುಟ್ಟಿಸುತ್ತದೆ. ಇನ್ನು ಕೆಲವರು ಒಳಗೆ ಸಾದಾ ಬಣ್ಣ ಸುರಿದು ತಿರುವುತ್ತಾರೆ. ಪೆಟ್ರೋಲಿಗೆ ಆ ಬಣ್ಣ ಸಿಪ್ಪೆಯಾಗಿ ಎದ್ದು ಫಿಲ್ಟರಿಗೆ ಅಡರುತ್ತದೆ. ಎರಡಕ್ಕೂ ಮಿಸ್ತ್ರಿ ಕೈಯಾಡಿಸಿ ಬೇಡವೆಂದರು.

ನಿಧಾನದ ಮದ್ದು ಒಂದಿದೆ, ಅದೂ ಕಬ್ಬಿನದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ತುಕ್ಕಿನ ಸಾಮಾನು ಮುಳುಗಿಸಿಟ್ಟರೆ ಅದು ಉಕ್ಕನ್ನು ಹೆಚ್ಚು ಮುಟ್ಟದೆ ತುಕ್ಕನ್ನು ಬಿಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಹಳೆಯ ಕಾರು, ಟ್ರ್ಯಾಕ್ಟರುಗಳಿಗೆ ಮರುಜೀವ ಕೊಡುವ ಹವ್ಯಾಸಿಗಳು ಹೀಗೆ ಡ್ರಮ್ಮುಗಟ್ಟಲೆ ನೆನೆಹಾಕುತ್ತಾರೆ. ವಾಸನೆ ಸಹಿಸಬೇಕು, ವಾರ ಎರಡು ವಾರ ಕಾಯಬೇಕು. ಇಷ್ಟು ಸಕ್ಕರೆಯ ಜಿಲ್ಲೆಯಲ್ಲಿ ಈ ಡ್ರಮ್ಮು ಗ್ಯಾರೇಜಿಗೊಂದು ಇರಬೇಕಿತ್ತಲ್ಲ ಎಂದು ನನಗನಿಸಿತು, ಬಾಯಿಬಿಟ್ಟು ಹೇಳಿದೆ. ಮಿಸ್ತ್ರಿ ನಕ್ಕರು. “ಖರೆ ಅದ ಸರ. ಆದ್ರ ನಾಳಿ ಗುರುವಾರ ಅದಲ್ರಿ.”

ಹಾಗಾಗಿ ಕೈಯ ಕೆಲಸ. ಮೊದಲು ಕುದಿನೀರಿಗೆ ಬಟ್ಟೆಸೋಡಾ ಹಾಕಿ, ಒಂದು ಬಾಯಿಗೆ ಮೆಕ್ಕೆಜೋಳದ ಬೆಂಡು ಬಡಿದು, ಕೊಳವೆ ತುಂಬಿಸಿ ಕುಲುಕಿ ಚೆಲ್ಲಿದರು. ಪೆಟ್ರೋಲಿನ ಜಿಡ್ಡೂ ವಾಸನೆಯೂ ಹೋಗಬೇಕು. ಆಮೇಲೆ ಹಳೆಯ ಸೈಕಲ್ ಚೈನು. ಅದನ್ನು ತಂತಿಗೆ ಕಟ್ಟಿ ಈಚೆಯಿಂದ ಆಚೆ, ಆಚೆಯಿಂದ ಈಚೆ ಎಳೆದಾಡುವುದು. ಒಂದು ತುದಿ ಮಿಸ್ತ್ರಿ, ಇನ್ನೊಂದು ತುದಿ ಹುಡುಗ. ಆ ಸದ್ದಿಗೆ ಬೇವಿನ ಮರದ ಕಾಗೆಗಳು ಎದ್ದು ಹೋದವು. ಚೈನು ತಲುಪದ ಬಾಗಿಗೆ ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದರು. ಕೆಂಪುನೀರು ಸುರಿದು, ಮತ್ತೆ ಎಳೆದು, ಮತ್ತೆ ಸುರಿದು, ನೀರು ತಿಳಿಯಾಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕೊನೆಗೆ ಹರಿದ ಸೊಲ್ಲಾಪುರಿ ಚಾದರದ ಒಂದು ತುಂಡನ್ನು ಗಂಟು ಕಟ್ಟಿ ಒಳಗಿನಿಂದ ಎಳೆದರು. ನವಿಲುಗರಿಯ ಚಿತ್ತಾರದ ಮೂಲೆಯೊಂದು ಒಂದು ಬಾಯಲ್ಲಿ ಹಸಿರಾಗಿ ಹೊಕ್ಕು ಇನ್ನೊಂದು ಬಾಯಲ್ಲಿ ಕಂದಾಗಿ ಹೊರಬಂತು. ಉಳಿದ ಕಲೆಗೆ ಫಾಸ್ಫೊರಿಕ್ ಆಮ್ಲದ ದ್ರಾವಣ. ಇದು ತುಕ್ಕನ್ನು ಕರಗಿಸಿ, ಉಕ್ಕಿನ ಮೇಲೆ ಬೂದುಗಪ್ಪು ಫಾಸ್ಫೇಟಿನ ತೆಳು ಪದರ ಬಿಟ್ಟು ಹೋಗುತ್ತದೆ. ಅದನ್ನೂ ತೊಳೆದು, ಕಂಪ್ರೆಸರಿನ ಗಾಳಿ ಹೊಡೆದು, ಬಿಸಿಲಿಗೆ ಕಾದ ತಗಡಿನ ಮೇಲೆ ಒರಗಿಸಿದರು.

ಕೊಳವೆ ಒಣಗುವವರೆಗೆ ಊಟ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. 

ಊಟದ ಮೇಲೆ ಪರೀಕ್ಷೆ. ಎರಡೂ ಬಾಯಿ ಮುಚ್ಚಿ, ಸಣ್ಣ ನಳಿಯಿಂದ ತುಸುವೇ ಗಾಳಿ ಬಿಟ್ಟು, ಮೇಲೆ ಸಾಬೂನು ನೀರು ಸವರಿದರು. ನಡುವಿನ ಪಟ್ಟಿ ಕೂರುವ ಕಡೆ ಒಂದೇ ಒಂದು ಗುಳ್ಳೆ ಮೆಲ್ಲಗೆ ಊದಿಕೊಂಡಿತು. ಹೊರಗೆ ಎರೆಮಣ್ಣು ಕಡಿದದ್ದೂ ಒಳಗೆ ನೀರು ಕಡಿದದ್ದೂ ಅಲ್ಲಿ ಕೂಡಿದ್ದವು. ಸೂಜಿಯ ತೂತು. ಡ್ರೈವರ ಹಾದಿಯುದ್ದಕ್ಕೂ ಅನುಭವಿಸುತ್ತಿದ್ದ ಪೆಟ್ರೋಲಿನ ವಾಸನೆಗೆ, ಮಿಸ್ತ್ರಿ ಕೇಳಿದ ಮೇಲೆ ಅವನೇ ಒಪ್ಪಿಕೊಂಡ ವಾಸನೆಗೆ, ಕಾರಣ ಸಿಕ್ಕಿತು. ಅದೇ ಗಾಡಿಯಲ್ಲಿ ಭಕ್ತರು ಊದುಬತ್ತಿ ಹಿಡಿದು ಕೂತಿದ್ದನ್ನು ನೆನೆದು ನನಗೆ ನಡುಕ ಬಂತು.

ರಸ್ತೆ ದಾಟಿದರೆ ವೆಲ್ಡಿಂಗ್ ಅಂಗಡಿ. ವೆಲ್ಡರ್ ಕೊಳವೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮೂಗಿಗೆ ಹಿಡಿದ. ಕಣ್ಣು ಮುಚ್ಚಿ ಎಳೆದು, ತಿರುಗಿಸಿ ಇನ್ನೊಂದು ಬಾಯಿಗೂ ಮೂಗು ಕೊಟ್ಟ. “ಅಜೂನ ವಾಸ ಯೇತೋಯ,” ಇನ್ನೂ ವಾಸನೆ ಬರುತ್ತಿದೆ ಎಂದು ಮರಾಠಿಯಲ್ಲಿ ಗೊಣಗಿ, ಮತ್ತೆ ಬಿಸಿನೀರಿಗೆ ಅದ್ದಿಸಿದ. ಈ ಮೂಗಿಗೆ ನಾನು ನಮಸ್ಕರಿಸುತ್ತೇನೆ. ತುಂಬಿದ ಟಾಕಿಗಿಂತ ಖಾಲಿ ಟಾಕಿ ಭಯಂಕರ. ಪೆಟ್ರೋಲಿನ ಆವಿ ಗಾಳಿಯಲ್ಲಿ ಶೇ. 1.4ರಿಂದ 7.6ರ ನಡುವೆ ಇದ್ದರೆ ಕಿಡಿಗೆ ಸಿಡಿಯುತ್ತದೆ; ಗಾಳಿಗಿಂತ ಭಾರವಾದ್ದರಿಂದ ತಾನಾಗಿ ಏರಿ ಹೋಗುವುದೂ ಇಲ್ಲ, ಬಾಗಿನಲ್ಲಿ ಕೂತಿರುತ್ತದೆ. ಒಂದು ಹನಿ ಉಳಿದರೂ ಈ ಪ್ರಮಾಣ ಕೂಡಿಬಿಡುತ್ತದೆ. ಎರಡನೆಯ ಸಲ ಮೂಗು ಒಪ್ಪಿತು. ಆದರೂ ಕೊಳವೆಯಲ್ಲಿ ತೂತಿನ ಕೆಳಗಿನ ಮಟ್ಟದವರೆಗೆ ನೀರು ನಿಲ್ಲಿಸಿ, ಎರಡೂ ಬಾಯಿ ತೆರೆದೇ ಇಟ್ಟು, ತೂತಿಗೆ ಹಿತ್ತಾಳೆ ಕಡ್ಡಿ ಕರಗಿಸಿ ಹಚ್ಚಿದ. ಕ್ಷಣಹೊತ್ತು ಹಸಿರು ಜ್ವಾಲೆ, ಆಮೇಲೆ ಹೊಂಬಣ್ಣದ ಒಂದು ಚುಕ್ಕೆ.

ಹೊರಮೈಗೆ ರೆಡ್ ಆಕ್ಸೈಡು, ಅದರ ಮೇಲೆ ಕಪ್ಪು ರಬ್ಬರ್ ಲೇಪ. ಒಳಮೈಗೆ ತುಸು ತೆಳು ಆಯಿಲ್ ಸುತ್ತಾಡಿಸಿ ಬಸಿದರು, ಬೇರೇನೂ ಇಲ್ಲ. ಹೊಸ ರಬ್ಬರ್ ಪೈಪು, ಹೊಸ ಕ್ಲಾಂಪು, ಮುಚ್ಚಳಕ್ಕೆ ಹೊಸ ವಾಷರು. ಬಟ್ಟಲಿನ ತೂತಿಗೆ ತಂತಿ ಹಾಕಿ, ನೀರು ಸುರಿದು, ಅದು ಗಾಲಿಯ ಹಿಂದೆ ನೆಲಕ್ಕೆ ಬಿದ್ದದ್ದನ್ನು ಡ್ರೈವರನ ತಲೆ ಹಿಡಿದು ಬಾಗಿಸಿ ತೋರಿಸಿದರು. ಟಾಕಿಯನ್ನು ಇಳಿಸಿ ಮತ್ತೊಮ್ಮೆ ತೊಳೆದದ್ದು, ಫಿಲ್ಟರ್ ಬದಲಿಸಿದ್ದು ಹೇಳುವಂಥದ್ದೇನಲ್ಲ. ಆ ಕೆಲಸ ಎಲ್ಲರಿಗೂ ಬರುತ್ತದೆ.

ಸಂಜೆ ಅದೇ ಗಾಡಿಯಲ್ಲಿ ಮಿಸ್ತ್ರಿ ಊರಿಗೆ ಹೊರಟರು, ಟ್ರಯಲ್ಲೂ ಆಯಿತು, ಪ್ರಯಾಣವೂ ಆಯಿತು ಎಂದು. ಹಿಂದಿನ ಸೀಟಿಗೆ ನಾನು. ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ನೇಯುವ ಮಗ್ಗಗಳ ಸದ್ದು ಎಂಜಿನ್ ಸದ್ದನ್ನು ನುಂಗಿತು. ಮಿಸ್ತ್ರಿ ಕೈ ಎತ್ತಿ ಮಾತು ನಿಲ್ಲಿಸಿದರು. ಅದು ಹಿಂದಾದ ಮೇಲೆ, “ಈಗ ಪೆಟ್ರೋಲಿಗಿ ಹಾಕು.” ಡ್ರೈವರ ಸ್ವಿಚ್ ಒತ್ತಿದ. ಕುಂಭಾರಿಯ ಬಳಿ, 2024ರ ಜನವರಿಯಲ್ಲಿ ಬೀಡಿ ಕಟ್ಟುವವರಿಗೂ ಮಗ್ಗದವರಿಗೂ ಹಂಚಿದ ರೇ ನಗರದ ಸಾಲುಮನೆಗಳ ಕಡೆಯಿಂದ ಸೈಕಲ್ಲುಗಳು ಬರುತ್ತಿದ್ದವು. ಗಾಡಿ ಝಟ್ಕಾ ಹೊಡೆಯಲಿಲ್ಲ. ವಳಸಂಗ ದಾಟಿತು. ಎರಡೂ ಕಡೆ ಎರೆಹೊಲ, ಕೂರಿಗೆ ಎಳೆದ ಹೊಸ ಗೆರೆಗಳು, ಅಲ್ಲಲ್ಲಿ ತೊಗರಿ. ಮಿಸ್ತ್ರಿ ಕಿಟಕಿಗೆ ಕಿವಿ ಕೊಟ್ಟು ಕೂತಿದ್ದರು, ಹೊಲ ನೋಡುತ್ತಿರಲಿಲ್ಲ.

ಅಕ್ಕಲಕೋಟದಲ್ಲಿ ಆಗಲೇ ಗುರುವಾರದ ತಯಾರಿ. ಪುಣೆ, ಮುಂಬಯಿ ನಂಬರಿನ ಬಸ್ಸುಗಳು, ವಟವೃಕ್ಷ ಗುಡಿಯ ದಾರಿಯಲ್ಲಿ ಹೂವಿನ ಗಾಡಿಗಳು, ಅನ್ನಛತ್ರದ ಕಡೆ ನಡೆದವರ ಸಾಲು. 1878ರಲ್ಲಿ ಸಮಾಧಿಯಾದ ಸ್ವಾಮಿಯ ಹೆಸರಿನಲ್ಲಿ ಈ ಊರಿನ ವಡಾಪದವರು, ಚಹಾದವರು, ಪಂಕ್ಚರಿನವರು ಇಂದಿಗೂ ಉಣ್ಣುತ್ತಾರೆ. ಇದೇ ಊರಿನ ಭೋಸಲೆ ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಭಲ್ಲೆ, ಬಂದೂಕುಗಳು ಸಾಲಾಗಿ ನಿಂತಿವೆ. ಅಷ್ಟೂ ಉಕ್ಕನ್ನು ಕಾಯುವವರಿದ್ದಾರೆ. ಮಿಸ್ತ್ರಿಗೆ ಒಮ್ಮೆ ಅದನ್ನು ನೋಡಿದ ನೆನಪಿದೆಯಂತೆ. “ಬಂದೂಕಿನ ನಳಿ ಒಳಗ ನೋಡಬೇಕನಿಸಿತ್ರಿ. ಮುಟ್ಟಾಕ ಬಿಡಲಿಲ್ಲ,” ಎಂದರು.

ದುಧನಿ ಕಡೆಯ ತಿರುವಿನಲ್ಲಿ ಅವರು ಇಳಿಯುವ ಮೊದಲು ಗಾಡಿ ಪಂಪಿಗೆ ನುಗ್ಗಿತು. ಡ್ರೈವರ ಬದಿಯ ಸಣ್ಣ ಬಾಗಿಲು ತೆಗೆದು, ಹೊಸ ವಾಷರಿನ ಮುಚ್ಚಳವನ್ನು ಜೋಪಾನವಾಗಿ ತಿರುವಿ, ಪಂಪಿನ ಹುಡುಗನಿಗೆ ಎರಡು ಬೆರಳು ತೋರಿಸಿದ.

“ಇನ್ನೂರದೇನೋ?” ಮಿಸ್ತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಮುಂಜಾನಿಂದ ಏನ್ ಹೇಳ್ದೆ ನಿನಗ? ಅರ್ಧಾ ಟಾಕಿ ಆದ್ರೂ ಹಾಕಸು ಮಾರಾಯಾ!”

“ಹಾಕಸ್ತೀನಿ ಮಾಮಾ. ನಿಮ್ಮ ಮಜೂರಿ ಕೊಟ್ಟು ಕಿಸೆ ಖಾಲಿ ಆಗ್ಯಾದ,” ಎಂದು ಅವನು ಮೂತಿಯನ್ನು ಕೊಳವೆಗೆ ಇಳಿಸಿದ. “ನಾಳಿ ಗಿರಾಕಿ ಬರ್ಲಿ.”